ನೂರಕ್ಕೆ ಹನ್ನೊಂದು

ಮಾರ್ಚ್ 4, ಶನಿವಾರ

ಚಿಲ್ಟು,

ಕ್ಷೇಮಸಮಾಚಾರ ಆಮೇಲೆ. ಮೊದಲು ಹೊಟ್ಟೆ ತೊಳಸುತ್ತಿರುವುದನ್ನು ಕಾರಿಕೊಳ್ಳುತ್ತೇನೆ, ಅದಾದ ಮೇಲೆ ಮನುಷ್ಯನಂತೆ ಮಾತಾಡುತ್ತೇನೆ.

ನೀನು ಕಳಿಸಿದ ಗೊಗ್ಗರಮ್ಮನ ಹೊಸ ಆಲ್ಬಮ್ ಬುಧವಾರ ಕೈಸೇರಿತು. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹೆಂಗಸು ಎಪ್ಪತ್ತೆರಡನೇ ವಯಸ್ಸಿನಲ್ಲಿ ‘ಇದೇ ನನ್ನ ಕೊನೆಯದು’ ಎಂದು ಹೇಳಿ ಹಾಡಿದ್ದಾಳೆ. ಆ ಒರಟು ಗಂಟಲಿಗೆ ನಾವಿಬ್ಬರೂ ಸೇರಿ ಗೊಗ್ಗರಮ್ಮ ಎಂದು ಹೆಸರಿಟ್ಟಾಗ ನಿನಗೆ ಏಳು, ನನಗೆ ಹದಿನೇಳು. ಅಂಥವಳ ಕೊನೆಯ ಹಾಡುಗಳು ಎಂದರೆ ಸುಮ್ಮನೆಯೇ? ಡ್ಯೂಟಿಯಿಂದ ಬಂದವನು ಕೈಕಾಲು ತೊಳೆದು, ನಿನ್ನ ಅತ್ತಿಗೆಗೆ ‘ಒಂದು ಗಂಟೆ ನನ್ನನ್ನ ಕರೀಬೇಡ’ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಇಪ್ಪತ್ತು ನಿಮಿಷಕ್ಕೇ ಎದ್ದು ಬಂದೆ. ಮಾರನೇ ದಿನ ಮನಸ್ಸು ಗಟ್ಟಿ ಮಾಡಿಕೊಂಡು ಪೂರ್ತಿ ಕೇಳಿದೆ, ಒಂದಲ್ಲ ಎರಡು ಸಲ.

ಅವಳ ಬಾಯಿಗೆ ಒದ್ದೆ ಕಂಬಳಿ ತುರುಕಿ ಹಾಡಿಸಿದ್ದಾರೆ. ತಾಳದ ತಟ್ಟೆ ಎಲ್ಲಿ ಹೋಯಿತು? ಕೊಳಲು ಬರುತ್ತದೆ, ಏರುತ್ತದೆ, ಏರಿದ ಮೇಲೆ ಮಾಯ. ಮಾತಂತೂ ಒಂದೂ ಸ್ಪಷ್ಟವಿಲ್ಲ. ಇವಳೊಬ್ಬಳದೇ ಆಗಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಿದ್ದೆ. ಇತ್ತೀಚೆಗೆ ಯಾರ ಆಲ್ಬಮ್ ತೆಗೆದುಕೊಂಡರೂ ಇದೇ ಗೋಳು. ಎಲ್ಲರೂ ಸೇರಿ ಸಂಗೀತದ ತಲೆ ಕತ್ತರಿಸಿ ಮುಂಡ ಮಾರುತ್ತಿದ್ದಾರೆ. ನನಗೆ ಅಸಹ್ಯವಾಗಿಬಿಟ್ಟಿದೆ. ಇದರ ದನಿಗಳನ್ನೆಲ್ಲ ಬೆರೆಸಿ ಮಿಕ್ಸಿಂಗ್ ಮಾಡಿದವನನ್ನು ಪಾತ್ರೆ ತೊಳೆಯಲು ಹಾಕಬೇಕು, ಅಲ್ಲಿಯೂ ಜಿಡ್ಡು ಬಿಡುತ್ತಾನೆ.

ಕೇಳುಗರ ಸಂಘದ ಮಾಸಿಕಕ್ಕೆ ‘ಕಿವಿಯಪ್ಪನ ಅಂಕಪಟ್ಟಿ’ ಬರೆದು ಆಗಲೇ ಅಂಚೆಗೆ ಹಾಕಿದೆ. ನೂರಕ್ಕೆ ಹನ್ನೊಂದು. ಆ ಹನ್ನೊಂದೂ ಅವಳ ವಯಸ್ಸಿಗೆ ಕೊಟ್ಟದ್ದು. ಕವರಿನ ಮೇಲೆ ಯಾರ್‍ಯಾರ ಹೆಸರಿದೆಯೋ ನೋಡಿಲ್ಲ, ನೋಡುವುದೂ ಇಲ್ಲ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಮೊದಲು ಕಿವಿ, ಆಮೇಲೆ ಕಣ್ಣು. ಪಾಸಾದವರ ಹೆಸರು ಮಾತ್ರ ಓದುವುದು.

ಇನ್ನು ಫ್ಯಾಕ್ಟರಿ. ಇಪ್ಪತ್ತೇಳು ವರ್ಷ ಬಣ್ಣದ ಡಬ್ಬಿಗಳಿಗೆ ಮುಚ್ಚಳ ಒತ್ತಿದವನನ್ನು ಪ್ರೆಸ್ಸಿನ ಮುಂದಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ್ದಾರೆ. ಹೊಸ ಸೂಪರ್‌ವೈಸರ್‌ಗೆ ನನ್ನ ಕಂಡರೆ ಆಗುವುದಿಲ್ಲ. ಬಂದ ದಿನವೇ ಎಲ್ಲರ ಕೈಗೂ ರಬ್ಬರಿನ ಬಿರಡೆ ಕೊಟ್ಟು ‘ಕಿವೀಗೆ ಹಾಕ್ಕೊಳ್ಳಿ’ ಎಂದ. ನಾನು ಅದನ್ನು ಅವನ ಮೇಜಿನ ಮೇಲೇ ಇಟ್ಟು ಬಂದೆ. ಅಚ್ಚು ಸವೆದಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವವನು ನಾನೊಬ್ಬನೇ, ಬಿರಡೆ ಹಾಕಿಕೊಂಡು ಏನು ಕೇಳಲಿ? ಆ ಸಿಟ್ಟು ಈಗ ತೀರಿಸಿಕೊಂಡ.

ಫೋನ್ ಮಾಡಬೇಡ. ಫೋನಿನಲ್ಲಿ ಈಗಿನವರೆಲ್ಲ ಬಾಯಿಯೊಳಗೇ ಗೊಣಗುತ್ತೀರಿ. ಕಾಗದ ಬರೆ. ನಿಮ್ಮ ಸ್ಟುಡಿಯೋದಲ್ಲಿ ಸಾಬೂನಿನ ಜಾಹೀರಾತು ಹೇಗೆ ನಡೆದಿದೆ?

ನಿನ್ನ ಅಣ್ಣ


ಮಾರ್ಚ್ 14, ಮಂಗಳವಾರ

ಅಣ್ಣ,

ನಿನ್ನ ಕಾಗದ ಬಂತು. ಹನ್ನೊಂದು ಎಂದೆಯಾ? ಇರಲಿ. ಮಾಸಿಕಕ್ಕೆ ಕಳಿಸುವ ಮೊದಲು ಒಂದು ವಾರ ತಡೆಯಬಹುದಿತ್ತು ಎನಿಸಿತು, ಅಷ್ಟೆ.

ಸಾಬೂನು ಚೆನ್ನಾಗಿ ನೊರೆ ಬಿಡುತ್ತಿದೆ. ಆ ಜಾಹೀರಾತಿನ ನಗೆಯ ದನಿಯನ್ನು ನಿನ್ನೆ ನಾಲ್ಕು ಗಂಟೆ ಕಾಲ ತೊಳೆದು ಕೊಟ್ಟೆ. ಬೇರೆ ಕೆಲಸಗಳೂ ಇವೆ. ಯಾವಾಗಲಾದರೂ ಹೇಳುತ್ತೇನೆ.

ಒಂದು ಕೆಲಸ ಮಾಡುತ್ತೀಯಾ? ಕೊನೆಯ ಹಾಡನ್ನು ಇನ್ನೊಮ್ಮೆ ಹಾಕು. ಮೂರನೇ ಚರಣ ಮುಗಿದು ಅವಳು ಉಸಿರು ತೆಗೆದುಕೊಳ್ಳುತ್ತಾಳಲ್ಲ, ಅಲ್ಲಿ ನಿಲ್ಲು. ಹಿಂದೆ ಯಾರಿದ್ದಾರೆ? ನಮ್ಮ ಹಳೆಯ ಆಟವೆಂದೇ ತಿಳಿದುಕೋ. ನೀನು ಕ್ಯಾಸೆಟ್ ಹಾಕಿ ನನ್ನ ಕಣ್ಣು ಮುಚ್ಚಿ ‘ಎಲ್ಲಾರಿಗಿಂತ ಹಿಂದೆ ಯಾರು ನಿಂತಿದಾರೆ ಹೇಳು’ ಎಂದು ಕೇಳುತ್ತಿದ್ದೆ. ಪಿಟೀಲಿನವನು ಹಾಳೆ ತಿರುವಿದ ಸದ್ದನ್ನು ನಾನು ಹಿಡಿದ ದಿನ ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಲ್ಲಿಯೆಲ್ಲ ಸುತ್ತಿಸಿದ್ದೆ. ಈಗ ನಿನ್ನ ಸರದಿ. ಹೆಡ್‌ಫೋನ್ ಹಾಕಿಕೊಂಡು ಕೇಳು. ಆಮೇಲೆ, ಫೇಲಾಗಿದ್ದರೂ ಪರವಾಗಿಲ್ಲ, ಈ ಸಲ ಕವರ್ ಓದು.

ನೀನು ಬೇಡ ಎಂದರೂ ಭಾನುವಾರ ಫೋನ್ ಮಾಡಿದ್ದೆ. ಅತ್ತಿಗೆ ತೆಗೆದರು. ‘ಇಲ್ಲೇ ಪಕ್ಕದ ರೂಮಲ್ಲೇ ಇದಾರೆ, ಮೂರು ಸಲ ಕೂಗಿದೆ, ಬರ್ತಾ ಇಲ್ಲಮ್ಮ’ ಎಂದರು. ನನ್ನ ಮೇಲೆ ಏನಾದರೂ ಕೋಪವೇ?

ಚಿಲ್ಟು


ಮಾರ್ಚ್ 22, ಬುಧವಾರ

ಚಿಲ್ಟು,

ಕೋಪವೂ ಇಲ್ಲ, ಗೀಪವೂ ಇಲ್ಲ. ನಿನ್ನ ಅತ್ತಿಗೆ ಕರೆದೇ ಇಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಗೋಡೆಗೆ ಹೇಳಿದರೆ ನನಗೆ ಹೇಗೆ ಗೊತ್ತಾಗಬೇಕು? ಕೇಳಿದರೆ ‘ಕೂಗಿ ಕೂಗಿ ಗಂಟಲು ನೋವು ಬಂತು’ ಎನ್ನುತ್ತಾಳೆ. ಈ ಮನೆಯಲ್ಲಿ ಎಲ್ಲರಿಗೂ ನಾಟಕದ ಹುಚ್ಚು.

ಹೆಡ್‌ಫೋನ್ ಹಾಕಿಕೊಂಡೇ ಕೇಳಿದೆ. ಮೂರನೇ ಚರಣ ಮುಗಿಯುತ್ತದೆ, ಅವಳು ಉಸಿರು ಎಳೆಯುತ್ತಾಳೆ, ಅಲ್ಲಿ ಏನೂ ಇಲ್ಲ. ಐದು ಸಲ ಕೇಳಿದೆ. ಖಾಲಿ ಮನೆಗೆ ಸುಣ್ಣ ಹೊಡೆದು ಬಿಟ್ಟ ಹಾಗಿದೆ. ಹಿಂದೆ ಯಾರೂ ಇಲ್ಲ, ಯಾರನ್ನಾದರೂ ನಿಲ್ಲಿಸಬೇಕೆಂದು ಆ ದರಿದ್ರದವನಿಗೆ ತೋಚಿಲ್ಲ. ನನ್ನನ್ನು ಪರೀಕ್ಷೆ ಮಾಡುವಷ್ಟು ದೊಡ್ಡವಳಾದೆಯಾ ನೀನು? ಇಲ್ಲದ್ದನ್ನು ಇದೆ ಎಂದು ಹೇಳಿಸಲು ನೋಡುತ್ತೀಯಲ್ಲ.

ಮಾಸಿಕ ಬಂತು. ಮೊದಲ ಪುಟದಲ್ಲೇ ಹಾಕಿದ್ದಾರೆ. ‘ಕಿವಿಯಪ್ಪನವರೇ, ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಬರೆದಿರಿ’ ಎಂದು ಆಗಲೇ ನಾಲ್ಕು ಜನರ ಕಾಗದ ಬಂದಿದೆ. ಸಂಘದ ಕಾರ್ಯದರ್ಶಿ ‘ನಿಮ್ಮ ಕಿವಿಗೆ ವಿಮೆ ಮಾಡಿಸ್ಬೇಕು ಸಾರ್’ ಎಂದು ತಮಾಷೆ ಮಾಡಿದ. ಆಲ್ಬಮ್ ತಂದ ಕಂಪನಿಯವರಿಗೂ ಒಂದು ಪ್ರತಿ ಕಳಿಸಲು ಹೇಳಿದ್ದೇನೆ. ಮೈಗೆ ಉರಿ ಹತ್ತಲಿ.

ಪ್ಯಾಕಿಂಗಿನಲ್ಲಿ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಗೋಂದು ಹಚ್ಚುತ್ತೇನೆ. ಇಡೀ ದಿನ ಕೈ ಅಂಟಂಟು, ಮೂಗಿನಲ್ಲಿ ಗೋಂದಿನ ಕೊಳೆತ ವಾಸನೆ. ಟೀ ಕುಡಿದರೂ ಅದೇ ವಾಸನೆ. ಇದನ್ನೆಲ್ಲ ಬರೆದು ಏನು ಪ್ರಯೋಜನ.

ಅಣ್ಣ


ಏಪ್ರಿಲ್ 3, ಸೋಮವಾರ

ಅಣ್ಣನವರಿಗೆ,

ನೀವು ಕಳಿಸಿದ ಪ್ರತಿ ಕಂಪನಿಗೆ ತಲುಪಿದೆ. ಉರಿ ಹತ್ತಲಿ ಎಂದಿದ್ದಿರಿ, ಹತ್ತಿದೆ.

ಪಾತ್ರೆ ತೊಳೆಯಲು ಹಾಕಬೇಕಾದ ಆ ದರಿದ್ರದವನು ನಾನು. ಹದಿನಾಲ್ಕು ವರ್ಷ ಸಾಬೂನು, ಟೂತ್‌ಪೇಸ್ಟು, ಫ್ಯಾನುಗಳ ದನಿ ತೊಳೆದ ಮೇಲೆ ನನ್ನ ಕೈಗೆ ಬಂದ ಮೊದಲ ಪೂರ್ತಿ ಆಲ್ಬಮ್ ಅದು. ಅವರ ಕೊನೆಯದು, ನನ್ನ ಮೊದಲನೆಯದು. ಏಳು ತಿಂಗಳು ಮಾಡಿದೆ. ನಿಮಗೆ ಮೊದಲೇ ಹೇಳಲಿಲ್ಲ, ಏಕೆಂದರೆ ಹೇಳಿದರೆ ನೀವು ತಂಗಿಯ ಕೆಲಸವೆಂದು ಕೇಳುತ್ತಿದ್ದಿರಿ. ಮೊದಲು ಕಿವಿ, ಆಮೇಲೆ ಕಣ್ಣು ಎಂದು ಕಲಿಸಿದವರು ನೀವೇ. ಅಂಕ ಕೊಟ್ಟ ಮೇಲೆ ಕವರ್ ತಿರುಗಿಸಿ ನನ್ನ ಹೆಸರು ನೋಡುತ್ತೀರಿ, ಆಗ ನಿಮ್ಮ ಮುಖ ಹೇಗಿರುತ್ತದೆ ಎಂದು ಏಳು ತಿಂಗಳೂ ಯೋಚಿಸಿಕೊಂಡು ಕೆಲಸ ಮಾಡಿದೆ. ಮೂರ್ಖತನ ನನ್ನದೇ.

ಗುರುವಾರ ಗೊಗ್ಗರಮ್ಮ ಸ್ಟುಡಿಯೋಗೆ ಬಂದರು. ಮಾಸಿಕವನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದರು. ಎಲ್ಲರ ಮುಂದೆ ನಿಧಾನವಾಗಿ ಕೇಳಿದರು, ‘ಏನಮ್ಮಾ, ನನ್ನ ಬಾಯಿಗೆ ಕಂಬಳಿ ತುರುಕಿದ್ದು ನೀನೇನಾ?’ ನಮ್ಮ ಸ್ಟುಡಿಯೋದ ಯಜಮಾನರು ಹೇಳಿದರು, ‘ಎರಡನೇ ಸಲ ಅಚ್ಚಿಗೆ ಹೋಗೋದರೊಳಗೆ ಮೇಲಿನ ದನಿಗಳನ್ನೆಲ್ಲ, ಆ ತಾಳ, ಕೊಳಲು ಎಲ್ಲಾನೂ, ಎತ್ತಿ ಕೊಡು. ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆಯವರು ಮಾಡ್ತಾರೆ. ನೀನು ಸಾಬೂನಿಗೇ ಸರಿ.’

ಮೂರನೇ ಚರಣದ ಹಿಂದೆ ಏನಿದೆ ಎಂದು ಇನ್ನು ಹೇಳುವುದಿಲ್ಲ. ನಿಮಗೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ. ನಿಮ್ಮ ಕಿವಿ ನನಗೆ ಗೊತ್ತು. ಕವರ್ ಓದಿಯೇ ಬರೆದಿದ್ದೀರಿ. ನೀವು ಮಾಡಬೇಕೆಂದಿದ್ದ ಕೆಲಸ, ನನ್ನನ್ನು ಓದಿಸಲು ಫ್ಯಾಕ್ಟರಿಗೆ ಸೇರಿ ಬಿಟ್ಟುಕೊಟ್ಟ ಕೆಲಸ, ನಾನು ಮಾಡಿದೆ ಎಂದು ಹೊಟ್ಟೆಕಿಚ್ಚು ಇದ್ದಿದ್ದರೆ ನೇರವಾಗಿ ಹೇಳಬಹುದಿತ್ತು.

ನಿಮ್ಮ ತಂಗಿ


ಏಪ್ರಿಲ್ 12, ಬುಧವಾರ

ಚಿಲ್ಟು,

ನೀನು ನನಗೆ ‘ನೀವು’ ಎಂದಿದ್ದೀಯ. ಮೂವತ್ತಾರು ವರ್ಷದಲ್ಲಿ ಇದೇ ಮೊದಲು. ಆ ಕಾಗದವನ್ನು ನಿನ್ನ ಅತ್ತಿಗೆಗೆ ತೋರಿಸಲಿಲ್ಲ, ನಾಚಿಕೆಯಾಯಿತು.

ಕನ್ನಡಕ ಹಾಕಿಕೊಂಡು ಕವರ್ ತಿರುಗಿಸಿದೆ. ಕೊನೆಯ ಸಾಲಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ನಿನ್ನ ಹೆಸರಿದೆ. ಆಣೆ ಮಾಡಿ ಹೇಳುತ್ತೇನೆ, ನೋಡಿರಲಿಲ್ಲ. ಹೊಟ್ಟೆಕಿಚ್ಚು ಎಂದೆಯಲ್ಲ, ಆ ಮಾತು ಗೋಂದಿನ ಹಾಗೆ ಮೈಗೆ ಅಂಟಿಕೊಂಡಿದೆ, ಎಷ್ಟು ತೊಳೆದರೂ ಹೋಗುತ್ತಿಲ್ಲ. ಗೊಗ್ಗರಮ್ಮ ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದಳು ಎಂದು ಓದಿ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಆದರೆ ಒಂದು ಮಾತು ಹೇಳದಿದ್ದರೆ ನಾನು ನಿನ್ನ ಅಣ್ಣನಲ್ಲ. ನಿನ್ನ ಹೆಸರು ನೋಡಿದ ಮೇಲೂ ಮತ್ತೆ ಹಾಕಿ ಕೇಳಿದೆ. ಮಂಕಾದದ್ದು ಮಂಕೇ. ತಂಗಿ ಎಂದು ಎಪ್ಪತ್ತು ಕೊಟ್ಟರೆ, ಇಷ್ಟು ವರ್ಷ ಫೇಲು ಮಾಡಿದವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನಿಮ್ಮ ಯಜಮಾನರು ಹೇಳಿದ್ದು ಸರಿ. ಮೇಲಿನ ದನಿಗಳನ್ನು ಎತ್ತು. ಸಿಟ್ಟು ಬದಿಗಿಟ್ಟು ಎತ್ತಿ ನೋಡು, ಆಮೇಲೆ ನೀನೇ ನನಗೆ ಕಾಗದ ಬರೆಯುತ್ತೀಯ.

ಅಣ್ಣ

(ನಾನು ಫ್ಯಾಕ್ಟರಿಗೆ ಸೇರಿದ್ದು ಯಾರಿಗೂ ಲೆಕ್ಕ ಹೇಳುವುದಕ್ಕಲ್ಲ. ಇನ್ನೊಮ್ಮೆ ಆ ಮಾತು ಎತ್ತಬೇಡ.)


ಜೂನ್ 20, ಮಂಗಳವಾರ

ಅಣ್ಣ,

ಎತ್ತಿದ್ದೇನೆ. ಇದರೊಂದಿಗೆ ಹೊಸದನ್ನು ಇಟ್ಟಿದ್ದೇನೆ. ಯಜಮಾನರು ‘ಮೊದಲು ಆ ಕಿವಿಯಪ್ಪನಿಗೆ ಕಳಿಸು, ಅವನು ಒಪ್ಪಿ ಬರೆದ ಮೇಲೆ ಅಚ್ಚಿಗೆ ಕೊಡೋಣ’ ಎಂದಿದ್ದಾರೆ. ಕಿವಿಯಪ್ಪ ನನ್ನ ಅಣ್ಣ ಎಂದು ಅವರಿಗೆ ಹೇಳಿಲ್ಲ.

ಎರಡು ತಿಂಗಳು ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಬೇರೆ ಏನೋ ಯೋಚನೆಯಿತ್ತು. ಕೇಳಿ, ಏನೆನಿಸಿತೋ ಅದನ್ನೇ ಬರೆ. ಯಾವಾಗಲೂ ಬರೆಯುವ ಹಾಗೆ, ಒಂದಕ್ಷರವೂ ಮುಚ್ಚಿಡದೆ. ಕೇಳುವಾಗ ಅತ್ತಿಗೆಯೂ ರೂಮಿನಲ್ಲಿ ಇರಲಿ.

ಚಿಲ್ಟು


ಜೂನ್ 29, ಗುರುವಾರ

ನನ್ನ ಬಂಗಾರದ ಚಿಲ್ಟು,

ಈಗ ಹಾಡು ಎಂದರೆ ಹಾಡು. ನೀನು ನನ್ನ ಎದುರಿಗೆ ಇದ್ದಿದ್ದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದೆ, ಸೊಂಟ ಮುರಿದರೂ ಚಿಂತೆಯಿರಲಿಲ್ಲ. ತಾಳದ ತಟ್ಟೆ ಬಂತು. ಕೊಳಲು ಮೇಲೆ ಹೋಗಿ ಅಲ್ಲೇ ನಿಂತಿತು. ಅವಳ ಬಾಯಿಂದ ಒಂದೊಂದು ಅಕ್ಷರವೂ ಉದುರುತ್ತಿದೆ. ಎಂಟು ವರ್ಷದಲ್ಲಿ ಹೀಗೆ ಕಿವಿತುಂಬ ಕೇಳಿದ್ದೇ ಇಲ್ಲ.

ಆಮೇಲೆ ಆ ಮೂರನೇ ಚರಣ. ಅವಳು ಉಸಿರು ಎಳೆದಳು, ಹಿಂದಿನಿಂದ ಟ್ರಿಣ್, ಟ್ರಿಣ್, ಟ್ರಿಣ್. ನಾನು ಕುರ್ಚಿಯಿಂದ ಎದ್ದುನಿಂತೆ. ಅದು ನನ್ನ ಸೈಕಲ್ ಬೆಲ್ ಅಲ್ಲವೇನೇ? ಅದರ ಒಂದು ಕಡೆ ತಗ್ಗಾಗಿ ಕೊನೆಯ ಸದ್ದು ಸ್ವಲ್ಪ ಸೊಟ್ಟಗೆ ಹೋಗುತ್ತಿತ್ತು, ಹಾಗೇ ಇದೆ. ಗಲ್ಲಿಯ ತಿರುವಿನಲ್ಲಿ ಒಂದು ಸಲ ಹೊಡೆದರೆ ಕ್ಯಾಸೆಟ್ ಸಿಗಲಿಲ್ಲ ಎಂದು, ಮೂರು ಸಲ ಹೊಡೆದರೆ ಸಿಕ್ಕಿತು ಎಂದು. ನೀನು ಲಂಗ ಎತ್ತಿಕೊಂಡು ಓಡಿಬರುತ್ತಿದ್ದೆ. ಅದು ನಿನಗೆ ಎಲ್ಲಿ ಸಿಕ್ಕಿತು? ಮೊದಲೇ ಹಾಕಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿತ್ತೇ? ನೋಡು, ಅಣ್ಣ ಬೈದದ್ದರಿಂದ ಹಾಡು ಉದ್ಧಾರವಾಯಿತು.

ನಿನ್ನ ಅತ್ತಿಗೆಯನ್ನು ಕೂರಿಸಿದ್ದೆ, ನೀನು ಹೇಳಿದೆ ಎಂದು. ಎರಡನೇ ಹಾಡಿಗೇ ಕಿವಿ ಮುಚ್ಚಿಕೊಂಡು ‘ಅಯ್ಯೋ, ತಲೆ ಸೀಳ್ತಾ ಇದೆ, ನಿಲ್ಸಿ’ ಎಂದು ಎದ್ದುಹೋದಳು. ಮೇಲಿನ ಮನೆಯವರು ಬಂದು ಬಾಗಿಲು ಬಡಿದರಂತೆ. ಸಂಗೀತದ ಗಂಧ ಗಾಳಿ ಇಲ್ಲದ ಜನ. ಇವರ ಜೊತೆ ಬದುಕುವುದೇ ಒಂದು ವಾಕರಿಕೆ.

ಎಂಬತ್ತನಾಲ್ಕು ಕೊಟ್ಟಿದ್ದೇನೆ. ಅಂಕಪಟ್ಟಿ ಬರೆದು ಮುಗಿಸಿದೆ, ಹದಿನೈದನೇ ತಾರೀಕು ಮಾಸಿಕಕ್ಕೆ ಹೋಗುತ್ತದೆ. ನಿಮ್ಮ ಯಜಮಾನರಿಗೆ ಹೇಳು, ಅಚ್ಚಿಗೆ ಕೊಡಲಿ.

ಅಣ್ಣ


ಜುಲೈ 5, ಬುಧವಾರ

ಅಣ್ಣ,

ಇದನ್ನು ಕೂತು ಓದು. ಸಿಟ್ಟು ಬಂದರೆ ಕಾಗದ ಮಡಿಸಿಟ್ಟು ಆಮೇಲೆ ಮತ್ತೆ ಓದು.

ಬೆಲ್ ಮೊದಲನೆಯದರಲ್ಲೂ ಇತ್ತು. ಅದೇ ಜಾಗದಲ್ಲಿ, ಮೂರು ಸಲವೇ. ನಿನ್ನ ಸೈಕಲ್ ಗುಜರಿಗೆ ಹೋದ ದಿನ ನಾನು ಅದನ್ನು ಬಿಚ್ಚಿಟ್ಟುಕೊಂಡಿದ್ದೆ. ಹಾಡಿನಲ್ಲಿ ಹಾಕಲು ಗೊಗ್ಗರಮ್ಮನ ಒಪ್ಪಿಗೆ ಪಡೆಯಲು ಒಂದು ವಾರ ಗೋಗರೆದೆ. ಯಾರಿಗೂ ಗೊತ್ತಾಗದಿದ್ದರೂ ನಿನಗೊಬ್ಬನಿಗೆ ಗೊತ್ತಾಗುತ್ತದೆ ಎಂದು ಹಾಕಿದೆ. ಇಲ್ಲಿ ಎಲ್ಲರಿಗೂ ಕೇಳಿಸಿತು, ನಿನಗೆ ಕೇಳಿಸಲಿಲ್ಲ. ನೀನು ನಟಿಸುತ್ತಿದ್ದೀಯ ಎಂದು ತಿಳಿದು ಆ ಕೆಟ್ಟ ಕಾಗದ ಬರೆದೆ. ನಿನ್ನ ಉತ್ತರದಲ್ಲಿ ಆಣೆ ನೋಡಿದ ಮೇಲೆ ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಫೋನಿನಲ್ಲಿ ಎಲ್ಲರೂ ಗೊಣಗುತ್ತಾರೆ. ಅತ್ತಿಗೆ ಗೋಡೆಗೆ ಹೇಳುತ್ತಾರೆ. ಕೊಳಲು ಏರಿದ ಮೇಲೆ ಮಾಯ. ಎರಡು ತಿಂಗಳು ನಾನು ಯೋಚಿಸಿದ್ದು ಇದನ್ನೇ.

ಅಣ್ಣ, ನಿನಗೆ ಮೇಲಿನ ಸದ್ದುಗಳು ಕೇಳಿಸುತ್ತಿಲ್ಲ. ಹಾಡು ಮಂಕಾಗಿಲ್ಲ.

ಎತ್ತಿ ಕಳಿಸಿದೆನಲ್ಲ, ಅದನ್ನು ಇಲ್ಲಿ ಯಾರೂ ಒಂದು ಹಾಡಿಗಿಂತ ಹೆಚ್ಚು ಕೇಳಲಾರರು. ತಗಡನ್ನು ತಗಡಿನ ಮೇಲೆ ಎಳೆದ ಹಾಗಿದೆ. ಮೇಲಿನ ಮನೆಯವರು ಬಾಗಿಲು ಬಡಿದದ್ದು ಅದಕ್ಕೇ. ಗೊಗ್ಗರಮ್ಮನೂ ಕೇಳಿದರು. ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೂ ಕೂತಿದ್ದು ಹೇಳಿದರು, ‘ನನಗೆ ಹಿಂಸೆ ಆಗುತ್ತೆ ಮಗಳೇ. ಆದರೆ ನನ್ನ ಕಿವಿಗೆ ವಯಸ್ಸಾಯ್ತು. ಆ ಮನುಷ್ಯ ಮೊದಲಿಂದ ನನ್ನನ್ನ ಕೇಳಿದಾನೆ, ಬೈದಾಗಲೂ ಸರಿಯಾಗೇ ಬೈದಿದಾನೆ. ಅವನು ಚೆನ್ನಾಗಿದೆ ಅಂದ್ರೆ ಚೆನ್ನಾಗಿರುತ್ತೆ.’ ಅವರು ತಮ್ಮ ಕಿವಿ ಬಿಟ್ಟು ನಿನ್ನ ಕಿವಿ ನಂಬಿದ್ದಾರೆ. ನೀನು ಹದಿನೈದಕ್ಕೆ ಎಂಬತ್ತನಾಲ್ಕು ಕಳಿಸಿದರೆ, ಅವರ ಕೊನೆಯ ಹಾಡುಗಳು ಆ ತಗಡಿನ ದನಿಯಲ್ಲೇ ಉಳಿಯುತ್ತವೆ.

ಒಂದು ಮಾತು ಹೇಳಿದ್ದರೆ ಸಾಕಿತ್ತು, ‘ಕಿವಿಯಪ್ಪನಿಗೆ ಕಿವಿ ಕೇಳಿಸಲ್ಲ’ ಎಂದು. ಇಲ್ಲಿ ನನ್ನನ್ನು ಸಾಬೂನಿಗೇ ಸರಿ ಎನ್ನುವವರ ಬಾಯಿ ಮುಚ್ಚುತ್ತಿತ್ತು. ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಕಿವಿ ತಯಾರಾದದ್ದು ನಿನ್ನ ಕಿವಿ ಪ್ರೆಸ್ಸಿನ ಮುಂದೆ ಸವೆದದ್ದರಿಂದ. ಎತ್ತಬೇಡ ಎಂದ ಮಾತನ್ನು ಎತ್ತಿದೆ, ಬೈ.

ಮೊದಲನೆಯದನ್ನು ಹಾಕಿ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಆಮೇಲೆ ಕಿವಿಯ ಡಾಕ್ಟರ ಹತ್ತಿರ ಹೋಗು. ಮಾಸಿಕಕ್ಕೆ ಏನು ಬರೆಯಬೇಕೋ ನೀನೇ ತೀರ್ಮಾನ ಮಾಡು.

ನಿನ್ನ ಚಿಲ್ಟು


ಸೆಪ್ಟೆಂಬರ್ 10, ಭಾನುವಾರ

ಚಿಲ್ಟು,

ನಿನ್ನ ಕಾಗದವನ್ನು ಮೊದಲು ಹರಿದೆ. ಆಮೇಲೆ ಫ್ಯಾಕ್ಟರಿಯಿಂದ ತಂದ ಗೋಂದಿನಲ್ಲೇ ಅಂಟಿಸಿದೆ. ಹಾಗಾಗಿ ಅದಕ್ಕೂ ಈಗ ಅದೇ ವಾಸನೆ.

ಎಂಬತ್ತನಾಲ್ಕರ ಅಂಕಪಟ್ಟಿ ಲಕೋಟೆಯೊಳಗೆ, ವಿಳಾಸ ಬರೆದು, ಸ್ಟಾಂಪು ಹಚ್ಚಿ ಮೇಜಿನ ಮೇಲೆ ಕೂತಿತ್ತು. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಜುಲೈ ಹದಿನಾಲ್ಕನೇ ತಾರೀಕು ಅದನ್ನು ಜೇಬಿಗೆ ಹಾಕಿಕೊಂಡು ಅಂಚೆ ಡಬ್ಬಿಯವರೆಗೂ ಹೋದೆ. ಅಲ್ಲಿ ನಿಂತಾಗ ಹಿಂದಿನಿಂದ ಒಬ್ಬಳು ಸೈಕಲ್ಲಿನವಳು ಬಂದು ನನ್ನ ಮೊಣಕೈಗೆ ಗುದ್ದಿದಳು. ‘ಎಷ್ಟು ಸಲ ಬೆಲ್ ಹೊಡೆಯೋದ್ರೀ’ ಎಂದು ಬೈದಳು. ಲಕೋಟೆ ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದೆ.

ಮೊದಲನೆಯ ಸಿ.ಡಿ. ಹಾಕಿ ನಿನ್ನ ಅತ್ತಿಗೆಯನ್ನು ಕರೆದು ಕೂರಿಸಿದೆ. ಮೂರನೇ ಚರಣ ಮುಗಿದಾಗ ‘ಏನಾದ್ರೂ ಕೇಳಿಸ್ತಾ?’ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಸೈಕಲ್ ಬೆಲ್ ತಾನೆ? ಮೊದಲನೇ ದಿನದಿಂದ ಕೇಳಿಸ್ತಾನೇ ಇದೆ. ಬೀದೀಲಿ ಯಾರೋ ಹೋಗ್ತಾ ಇದಾರೆ ಅಂದ್ಕೊಂಡಿದ್ದೆ.’ ಸಂಗೀತದ ಗಂಧ ಗಾಳಿ ಇಲ್ಲದವಳು ಎಂದಿದ್ದೆನಲ್ಲ.

ಡಾಕ್ಟರು ಒಂದು ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಬಂದಾಗಲೆಲ್ಲ ಕೈಯೆತ್ತಿ ಎಂದರು. ಎತ್ತಿದೆ. ಆಮೇಲೆ ಎಷ್ಟೋ ಹೊತ್ತು ಸದ್ದೇ ಬರಲಿಲ್ಲ. ಮಷೀನು ಕೆಟ್ಟಿರಬೇಕು ಎಂದುಕೊಂಡು ಗಾಜಿನಾಚೆ ನೋಡಿದೆ, ಆ ನರ್ಸಮ್ಮ ಒಂದೇ ಸಮನೆ ಗುಂಡಿ ಒತ್ತುತ್ತಲೇ ಇದ್ದಳು. ನನ್ನನ್ನು ನೋಡಿ ಮುಖ ತಗ್ಗಿಸಿದಳು. ಡಾಕ್ಟರು ಗೆರೆ ಎಳೆದು ತೋರಿಸಿದರು. ಅರ್ಧದವರೆಗೆ ನೆಟ್ಟಗೆ ಹೋಗಿ, ಅಲ್ಲಿಂದ ಇಳಿಜಾರು. ‘ಹೋದದ್ದು ವಾಪಸ್ ಬರಲ್ಲ’ ಎಂದರು. ನನಗೆ ಕೇಳಿಸಲಿ ಎಂದು ಎರಡು ಸಲ ಹೇಳಿದರು.

ಮನೆಗೆ ಬಂದು ನನ್ನ ಹಳೆಯ ಅಂಕಪಟ್ಟಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿದೆ. ಹನ್ನೆರಡು ವರ್ಷದವು. ಮೊದಲ ನಾಲ್ಕು ವರ್ಷ ಎಪ್ಪತ್ತು, ಅರವತ್ತೈದು, ಎಪ್ಪತ್ತೆರಡು. ಆಮೇಲೆ ಐವತ್ತು. ನಲವತ್ತು. ಮೂವತ್ತೊಂದು. ಹದಿನೆಂಟು. ಹನ್ನೊಂದು. ಡಾಕ್ಟರು ಎಳೆದ ಗೆರೆಯೂ ಇದೇ. ಎಂಟು ವರ್ಷದಿಂದ ನಾನು ಹಾಡುಗಳಿಗೆ ಕೊಟ್ಟದ್ದೆಲ್ಲ ನನ್ನ ಕಿವಿಯ ಅಂಕ. ಇದನ್ನು ನೋಡಿ ಬಂದ ಅಸಹ್ಯ ಇನ್ನಾವ ಆಲ್ಬಮ್ಮಿನ ಮೇಲೂ ಬಂದಿರಲಿಲ್ಲ. ಯಾರ್‍ಯಾರ ಹೊಟ್ಟೆ ಉರಿಸಿದ್ದೇನೋ, ಅವರ ಹೆಸರು ಕೂಡ ನನಗೆ ಗೊತ್ತಿಲ್ಲ, ಫೇಲಾದವರ ಕವರ್ ನಾನು ಓದುತ್ತಿರಲಿಲ್ಲವಲ್ಲ.

ಇನ್ನೊಂದು ನಿನಗೆ ಮುಚ್ಚಿಟ್ಟಿದ್ದೆ. ಸೂಪರ್‌ವೈಸರ್ ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದು ಸಿಟ್ಟಿನಿಂದಲ್ಲ. ಅಚ್ಚು ಬಿರುಕು ಬಿಟ್ಟು ಕಿರುಚುತ್ತಿತ್ತಂತೆ, ಹತ್ತು ಜನ ಓಡಿಬಂದರೂ ನಾನು ಮುಚ್ಚಳ ಒತ್ತುತ್ತಲೇ ಇದ್ದೆ. ಪಕ್ಕದವನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ‘ಅಚ್ಚು ಕಿರುಚಿದ್ರೆ ನನಗೆ ಕೇಳಿಸ್ದೆ ಇರುತ್ತಾ’ ಎಂದು ಆವತ್ತು ನಾನೇ ನಕ್ಕಿದ್ದೆ. ನಿನ್ನೆ ಆ ಸೂಪರ್‌ವೈಸರ್ ಹತ್ತಿರ ಹೋಗಿ ಎರಡು ಬಿರಡೆ ಕೇಳಿ ತೆಗೆದುಕೊಂಡೆ. ‘ಪ್ಯಾಕಿಂಗಿಗೆ ಬೇಡ ಯಜಮಾನ್ರೇ’ ಎಂದ. ‘ಇರಲಿ, ಕೊಡಿ’ ಎಂದೆ.

ಎಂಬತ್ತನಾಲ್ಕನ್ನು ಒಲೆಗೆ ಹಾಕಿ, ಮಾಸಿಕಕ್ಕೆ ಬೇರೆ ಬರೆದು ಕಳಿಸಿದೆ. ಆಗಸ್ಟ್ ಸಂಚಿಕೆಯಲ್ಲಿ ಬಂದಿದೆ. ನೀನು ನೋಡಿರುತ್ತೀಯ, ಆದರೂ ಬರೆಯುತ್ತೇನೆ, ಕೈ ಬರೆಯಬೇಕು ಎನ್ನುತ್ತಿದೆ. ‘ಕಿವಿಯಪ್ಪನಿಗೆ ಎಂಟು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಈ ಅವಧಿಯ ಎಲ್ಲ ಅಂಕಗಳನ್ನೂ ಹೊಡೆದುಹಾಕಬೇಕು. ಮಾರ್ಚ್ ತಿಂಗಳಲ್ಲಿ ಹನ್ನೊಂದು ಪಡೆದ ಆಲ್ಬಮ್ಮಿನ ಮಿಕ್ಸಿಂಗ್ ಮಾಡಿದವಳು ಅವನ ತಂಗಿ. ಅವಳ ಕಿವಿಯನ್ನು ನಂಬಿ.’ ಕಾರ್ಯದರ್ಶಿ ಬಂದು ‘ಇಷ್ಟು ನೇರವಾಗಿ ಬೇಡ ಸಾರ್, ಅನಾರೋಗ್ಯ ಅಂತ ಹಾಕೋಣ’ ಎಂದ. ಒಂದಕ್ಷರ ಬದಲಿಸಿದರೆ ನೋಡು ಎಂದೆ.

ನಿನ್ನ ಮೊದಲನೆಯದನ್ನೇ ಗೊಗ್ಗರಮ್ಮ ಅಚ್ಚಿಗೆ ಕಳಿಸಿದರು ಎಂದು ನೀನು ಅತ್ತಿಗೆಗೆ ಫೋನಿನಲ್ಲಿ ಹೇಳಿದೆಯಂತೆ. ಅವಳು ಒಂದು ಚೀಟಿಯಲ್ಲಿ ಬರೆದು ನನಗೆ ಕೊಟ್ಟಳು. ಈಗ ಈ ಮನೆಯಲ್ಲಿ ಎಲ್ಲ ಚೀಟಿಯಲ್ಲೇ.

ಕಿವಿಗೆ ಹಾಕುವ ಮಷೀನು ಬಂದಿದೆ. ಹಾಕಿಕೊಂಡರೆ ಪೇಪರ್ ಮಡಿಸಿದ್ದು, ಚಮಚ ಇಟ್ಟದ್ದು, ನನ್ನದೇ ಎಂಜಲು ನುಂಗಿದ್ದು ಎಲ್ಲ ಒಂದೇ ಜೋರು. ಥೂ. ಮಾತಿಗೆ ಆಗುತ್ತದೆ, ಹಾಡಿಗೆ ಆಗುವುದಿಲ್ಲ. ಅದಕ್ಕೆ ನೂರಕ್ಕೆ ಎಂಟು ಕೊಡುತ್ತಿದ್ದೆ, ಕೊಡುವ ಹಕ್ಕು ಕಳೆದುಕೊಂಡಿದ್ದೇನೆ. ಒಂದು ಉಪಕಾರ ಮಾಡು. ಈ ಎಂಟು ವರ್ಷದಲ್ಲಿ ನಾನು ಉಗಿದ ಆಲ್ಬಮ್‌ಗಳ ಪಟ್ಟಿ ಇಟ್ಟಿದ್ದೇನೆ. ಅದರಲ್ಲಿ ಎರಡಾದರೂ ನಿಜವಾಗಿ ಕೆಟ್ಟದಾಗಿದ್ದವು ಎಂದು ಬರೆ.

ಈವತ್ತು ಮಧ್ಯಾಹ್ನ ಆ ಮಷೀನು ತೆಗೆದಿಟ್ಟು ನಿನ್ನ ಹಾಡು ಹಾಕಿದೆ, ಮೊದಲನೆಯದು. ನಿನ್ನ ಅತ್ತಿಗೆ ಕರೆಯದೆಯೇ ಬಂದು ಪಕ್ಕದಲ್ಲಿ ಕೂತಳು. ನನ್ನ ಕೈ ತೆಗೆದು ತನ್ನ ಮಡಿಲಿನಲ್ಲಿ ಇಟ್ಟುಕೊಂಡಳು. ಮೂರನೇ ಚರಣ ಮುಗಿಯಿತು. ಗೊಗ್ಗರಮ್ಮ ಉಸಿರು ಎಳೆದಳು, ಆಮೇಲೆ ಎಂದಿನಂತೆ ಖಾಲಿ. ಆ ಖಾಲಿಯಲ್ಲಿ ನಿನ್ನ ಅತ್ತಿಗೆ ನನ್ನ ಅಂಗೈ ಮೇಲೆ ಒಂದು ಬೆರಳಿನಿಂದ ತಟ್ಟಿದಳು.

ಮೂರು ಸಲ ತಟ್ಟಿದಳು. ಸಿಕ್ಕಿತು, ಚಿಲ್ಟು.

ಅಣ್ಣ